ನಾನು ಉದ್ದ ಮಾಡಿದ ಮೈದಾನ

ಅಮೆರಿಕದವರ ಫುಟ್‌ಬಾಲ್ ಆಟದಲ್ಲಿ ಕಾಲಿಗೆ ಕೆಲಸ ಬಹಳ ಕಡಿಮೆ. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಎದುರಿನವರೆಲ್ಲ ಅವನ ಮೇಲೆ ಬೀಳುತ್ತಾರೆ, ಸೀಟಿ ಕೇಳಿಸುತ್ತದೆ, ಎಲ್ಲರೂ ಎದ್ದು ಮೈ ಕೊಡವಿಕೊಂಡು ದುಂಡಗೆ ನಿಂತು ಸಭೆ ನಡೆಸುತ್ತಾರೆ. ಐದು ಸೆಕೆಂಡು ಆಟ, ಅರ್ಧ ನಿಮಿಷ ಸಭೆ. ನಮ್ಮ ಕಂಪನಿಯ ಸೈಟುಗಳಲ್ಲೂ ಕೆಲಸ ನಡೆಯುವುದು ಹೀಗೆಯೇ ಆದ್ದರಿಂದ ನನಗೆ ಆಟ ಬೇಗ ಅರ್ಥವಾಯಿತು.

ಈ ಆಟದ ಒಂದು ಲೀಗ್ ದುಬೈಯಲ್ಲಿ ಮೂರು ವರ್ಷ ನಡೆಯಿತು ಎಂದರೆ ಈಗ ಯಾರೂ ನಂಬುವುದಿಲ್ಲ. ನಡೆಯುತ್ತಿದ್ದಾಗಲೂ ಹೆಚ್ಚು ಜನ ನಂಬಿರಲಿಲ್ಲ. ಮೊದಲ ವರ್ಷ ದೊಡ್ಡ ಸ್ಟೇಡಿಯಂ, ಎರಡನೆಯ ವರ್ಷ ಸಣ್ಣ ಸ್ಟೇಡಿಯಂ. ಮೂರನೆಯದೂ ಕೊನೆಯದೂ ಆದ ವರ್ಷ ಜೆಬೆಲ್ ಅಲಿಯಲ್ಲಿ ಗೋದಾಮುಗಳ ಹಿಂದಿನ ಖಾಲಿ ಜಾಗ. ಖಾಲಿ ಜಾಗವನ್ನು ಮೈದಾನ ಮಾಡಬೇಕಾದರೆ ಗೆರೆ ಹಾಕಿಸುವವನೊಬ್ಬ ಬೇಕು. ಹಾಗೆ ನನ್ನನ್ನು ಕರೆದರು.

ನಾನು ಸರ್ವೇಯರ್, ಪುತ್ತೂರಿನವನು. ಹದಿನೆಂಟು ವರ್ಷದಿಂದ ಈ ದೇಶದಲ್ಲಿ ರಸ್ತೆ, ಚರಂಡಿ, ಕಾಂಪೌಂಡು ಗೋಡೆ ಅಳೆದುಕೊಂಡು ಬಂದವನು. ನನ್ನ ಸಹಿ ಇರುವ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದದ್ದಿಲ್ಲ ಎಂಬ ಜಂಬ ನನಗಿತ್ತು. ಮನೆಯಲ್ಲಿ ಕ್ಯಾಲೆಂಡರ್ ಓರೆಯಾಗಿ ನೇತಾಡುತ್ತಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಜಂಬದ ಕತೆಯನ್ನೇ ನಾನು ಈಗ ಹೇಳಹೊರಟಿರುವುದು.

ಲೀಗಿನ ಆಫೀಸಿನಲ್ಲಿ ಎಲ್ಲ ಕೆಲಸಕ್ಕೂ ಒಬ್ಬನೇ ಮ್ಯಾನೇಜರ್, ಬೆಂಗಳೂರಿನವನು. ಅವನು ನನಗೆ ಮೈದಾನದ ನಕ್ಷೆ ಕಳಿಸಿದ. ಉದ್ದ ನೂರ ಇಪ್ಪತ್ತು, ಅಗಲ ಐವತ್ತಮೂರು ಪಾಯಿಂಟ್ ಮೂರು ಮೂರು, ಐದೈದಕ್ಕೆ ಒಂದು ಅಡ್ಡಗೆರೆ. ಏನು ನೂರ ಇಪ್ಪತ್ತು ಎಂದು ಅದರಲ್ಲಿ ಬರೆದಿರಲಿಲ್ಲ. ನಮ್ಮ ಕಸುಬಿನಲ್ಲಿ ಬರೆಯುವ ರೂಢಿಯೂ ಇಲ್ಲ. ಈ ದೇಶದಲ್ಲಿ ಸೈಟಿನ ನಕ್ಷೆಯ ಮೇಲೆ ಬರಿಯ ಅಂಕಿ ಇದ್ದರೆ ಅದು ಮೀಟರು. ನಾನು ಉಪಕರಣ ನಿಲ್ಲಿಸಿ, ಗೂಟ ಹೊಡೆಸಿ, ನೂಲು ಕಟ್ಟಿಸಿ, ಎರಡು ದಿನದಲ್ಲಿ ಬಿಳಿ ಗೆರೆಗಳನ್ನು ಎಳೆಸಿ ನಕ್ಷೆಗೆ ಸಹಿ ಹಾಕಿದೆ. ಅಷ್ಟು ಚಂದದ ಗೆರೆಗಳನ್ನು ಆ ಮರಳುಗಾಡು ಕಂಡಿರಲಿಕ್ಕಿಲ್ಲ.

ಆಟದವರು ಬಾಯಲ್ಲಿ ಯಾರ್ಡ್ ಯಾರ್ಡ್ ಎನ್ನುವುದು ನನ್ನ ಕಿವಿಗೆ ಬೀಳುತ್ತಿರಲಿಲ್ಲವೆಂದಲ್ಲ. ಬಟ್ಟೆ ಅಂಗಡಿಯಲ್ಲಿ ಹಳಬರು ಗಜ ಎಂದು ಕೇಳುತ್ತಾರೆ, ಅಂಗಡಿಯವನು ಮೀಟರಿನಲ್ಲಿ ಹರಿದು ಕೊಡುತ್ತಾನೆ. ಇದೂ ಅಂಥದೇ ಬಾಯಿಮಾತು ಎಂದುಕೊಂಡಿದ್ದೆ.

ನನ್ನನ್ನು ಎಚ್ಚರಿಸಲು ದೇವರು ಒಂದು ಸರಪಳಿಯನ್ನೂ ಕಳಿಸಿದ್ದ. ಈ ಆಟದಲ್ಲಿ ಒಂದು ತಂಡಕ್ಕೆ ನಾಲ್ಕು ಅವಕಾಶ. ನಾಲ್ಕರೊಳಗೆ ಹತ್ತು ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಆ ಹತ್ತನ್ನು ಅಳೆಯಲು ಎರಡು ಕೋಲುಗಳ ನಡುವೆ ಕಟ್ಟಿದ ಒಂದು ಸರಪಳಿ ಇರುತ್ತದೆ. ಲೀಗಿನವರ ಹಳೆಯ ಸರಪಳಿಯನ್ನು ನನ್ನ ಗೆರೆಗಳ ಮೇಲೆ ಹಿಡಿದು ನೋಡಿದೆ. ಎಂಬತ್ತೈದು ಸೆಂಟಿಮೀಟರ್ ಗಿಡ್ಡ. ನನಗೆ ಸಿಟ್ಟು ಬಂತು. ಎರಡು ವರ್ಷ ಇವರು ಕೊಂಡಿ ಕಳಚಿಹೋದ ಸರಪಳಿಯಲ್ಲಿ ಆಡಿದ್ದಾರೆ, ಒಬ್ಬನೂ ಪರೀಕ್ಷೆ ಮಾಡಿಲ್ಲ ಎಂದು ಮ್ಯಾನೇಜರನಿಗೆ ದಬಾಯಿಸಿದೆ. ಅವನು ಕೈಮುಗಿದು, "ನೀವೇ ಹೊಸದು ಮಾಡಿಸ್ಬಿಡಿ ಸಾರ್" ಎಂದ.

ಅಬುಧಾಬಿಯ ಹೊರಗಿನ ಬನಿಯಾಸಿನಲ್ಲಿ ನಮ್ಮ ಕಡೆಯ ಬ್ಯಾರಿಯೊಬ್ಬರ ವೆಲ್ಡಿಂಗ್ ಅಂಗಡಿ ಇದೆ. ಅಲ್ಲಿಗೆ ಹೋದೆ.

"ಹತ್ತು ಮೀಟರ್ ಸರಪಳಿ ಎಂತಕ್ಕೆ ಸಾರ್, ದನ ಕಟ್ಲಿಕ್ಕಾ?" ಎಂದರು ಅವರು.

"ಅಲ್ಲ ಸಾಹೇಬ್ರೆ, ಚೆಂಡಾಟದಲ್ಲಿ ಅಳೀಲಿಕ್ಕೆ."

"ಅಳೀಲಿಕ್ಕೆ ಹತ್ತು ಮೀಟರ್ ಬೇಕಾ? ಎಷ್ಟು ದೊಡ್ಡದುಂಟು ಮಾರಾಯ್ರೆ ಆ ಚೆಂಡು?"

ಮಿಲಿಮೀಟರಿಗೆ ಸರಿಯಾಗಿ ಮಾಡಿಕೊಟ್ಟರು. ನನ್ನ ತಪ್ಪಿಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ತಿದ್ದಿ ಸರಿಮಾಡಿದೆ. ಹಳೆಯ ಸರಪಳಿ ಗುಜರಿಗೆ ಹೋಯಿತು.

ಸರಪಳಿಯ ಮೇಲೆ ಅಷ್ಟು ಕಾಳಜಿ ಇದ್ದದ್ದರಿಂದ ಅದರ ಒಂದು ಕೋಲು ಹಿಡಿಯುವ ಕೆಲಸವೂ ನನಗೇ ಬಿತ್ತು. ಪ್ರತಿ ಭಾನುವಾರ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಗೆರೆಯ ಹೊರಗೆ ನಿಲ್ಲುತ್ತಿದ್ದೆ. ಈ ಆಟದ ಅಳತೆ ಎಂಥದು ಎಂದರೆ, ಹತ್ತು ಜನರ ರಾಶಿಯ ಅಡಿಯಿಂದ ಚೆಂಡು ತೆಗೆದು ರೆಫರಿ ಕಣ್ಣಂದಾಜಿನಲ್ಲಿ ಒಂದು ಕಡೆ ಇಡುತ್ತಾನೆ. ಆಮೇಲೆ ನಮ್ಮನ್ನು ಕರೆಸಿ ಚಿನ್ನ ತೂಗುವ ಹಾಗೆ ಅಳೆಸುತ್ತಾನೆ. ಇಡುವಾಗ ಒಂದು ಅಡಿ ಹೆಚ್ಚುಕಮ್ಮಿ, ಅಳೆಯುವಾಗ ಬೆರಳಗಲ ಮುಖ್ಯ. ನನ್ನ ಸೈಟಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಓಡಿಸುತ್ತಿದ್ದೆ.

ನೋಡಲು ಜನ ಬರುತ್ತಿರಲಿಲ್ಲ. ಅದಕ್ಕೆ ಮ್ಯಾನೇಜರ್ ಕ್ಯಾಂಪುಗಳಿಂದ ಕಂಪನಿ ಬಸ್ಸುಗಳಲ್ಲಿ ಕೆಲಸದವರನ್ನು ಕರೆತಂದು ಬಿರಿಯಾನಿ ಪೊಟ್ಟಣ ಕೊಟ್ಟು ಕೂರಿಸುತ್ತಿದ್ದ. ಅವರಿಗೆ ಆಟ ಒಂದಿಷ್ಟೂ ಹಿಡಿಸಲಿಲ್ಲ. ಆದರೆ ನಾವು ಸರಪಳಿ ಹಿಡಿದು ಮೈದಾನಕ್ಕೆ ಇಳಿದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಅಳತೆ ಅವರ ದಿನದ ಕೆಲಸ. ಸರಪಳಿ ಸಡಿಲ ಬಿಟ್ಟೆ ಎಂದು ಅಲ್ಲಿಂದಲೇ ಕೂಗುತ್ತಿದ್ದರು, ಬಿಗಿಯಾಗಿ ಎಳೆದರೆ ಚಪ್ಪಾಳೆ ಹೊಡೆಯುತ್ತಿದ್ದರು. ಇಡೀ ಲೀಗಿನಲ್ಲಿ ಅಭಿಮಾನಿಗಳಿದ್ದದ್ದು ನಮಗಿಬ್ಬರು ಕೋಲಿನವರಿಗೆ ಮಾತ್ರ.

ಆ ವರ್ಷ ಯಾರಿಗೂ ಹತ್ತು ದಾಟಲು ಆಗುತ್ತಿರಲಿಲ್ಲ. ಒಂಬತ್ತೂಕಾಲರವರೆಗೆ ಬಂದು ಬೀಳುತ್ತಿದ್ದರು, ನಾವು ಹೋಗಿ ಅಳೆದು ಇಲ್ಲ ಎನ್ನುತ್ತಿದ್ದೆವು. ತರಬೇತಿದಾರರು ಕಾರಣ ಹುಡುಕಿದರು. ಒಬ್ಬ ಗಾಳಿಯ ತೇವ ಎಂದ, ಒಬ್ಬ ಚೆಂಡಿನ ಚರ್ಮ ಎಂದ, ಇನ್ನೊಬ್ಬ ಹೋಟೆಲಿನ ದಿಂಬು ಬದಲಿಸಿದ. ಮ್ಯಾನೇಜರ್ ಮಾತ್ರ ಖುಷಿಯಾಗಿ, ಜಗತ್ತಿನ ಅತ್ಯಂತ ಗಟ್ಟಿ ರಕ್ಷಣೆಯ ಲೀಗ್ ಎಂದು ದೊಡ್ಡ ಬೋರ್ಡು ಹಾಕಿಸಿದ.

ಇವರೆಲ್ಲರ ನಡುವೆ ನಿಜವಾಗಿ ಕಾಲು ಬಳಸುವ ಒಬ್ಬ ಮನುಷ್ಯ ಇದ್ದ. ಪ್ರತಿ ತಂಡದಲ್ಲೂ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಲೆಂದೇ ಒಬ್ಬನಿರುತ್ತಾನೆ. ಕಪ್ಪು ಶರ್ಟಿನ ತಂಡದವನು ಮೂವತ್ತೇಳು ವರ್ಷದ ಅಮೆರಿಕದವನು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಹೋಟೆಲಿನಲ್ಲಿದ್ದ. ಅವನ ತಂಡದ ವಾಸ ಅಬುಧಾಬಿಯಲ್ಲಿ, ಆಟ ದುಬೈಯಲ್ಲಿ. ಆ ವ್ಯವಸ್ಥೆಯ ಮರ್ಮ ನನಗೆ ಇವತ್ತಿಗೂ ತಿಳಿಯದು. ತಂಡದ ಬಸ್ಸಿನಲ್ಲಿ ಹಾಡು ಜೋರು ಎಂದು ಅವನು ನನ್ನ ಕಾರಿನಲ್ಲಿ ಬರತೊಡಗಿದ. ಒಂದು ಗಂಟೆಯ ದಾರಿ, ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದ, ನನಗೆ ಅರ್ಥವಾಗಲಿ ಎಂದು.

ಅವನ ಕತೆ ಇಷ್ಟೇ. ಹನ್ನೆರಡು ವರ್ಷ ಅವನು ಅವರ ದೇಶದ ದೊಡ್ಡ ಲೀಗಿನ ತಂಡಗಳ ಬಾಗಿಲಲ್ಲಿ ನಿಂತಿದ್ದ. ಅಭ್ಯಾಸಕ್ಕೆ ಕರೆಯುತ್ತಿದ್ದರು, ಸೀಸನ್ ಶುರುವಾಗುವ ಮೊದಲು ಮನೆಗೆ ಕಳಿಸುತ್ತಿದ್ದರು. ಒಂದೇ ಒಂದು ಪಂದ್ಯದಲ್ಲಿ, ಒಂದೇ ಒಂದು ಸಲ, ಅಲ್ಲಿ ಚೆಂಡು ಒದೆಯಬೇಕು ಎನ್ನುವುದು ಅವನ ಆಸೆ. ಈಗ ಒಂದು ತಂಡದವರು ಮಾತು ಕೊಟ್ಟಿದ್ದರು. ನಮ್ಮ ಕೊನೆಯ ಪಂದ್ಯಕ್ಕೆ ಅವರ ಕಡೆಯ ಮನುಷ್ಯ ವಿಮಾನ ಹತ್ತಿ ಬಂದು ಇವನನ್ನು ನೋಡುತ್ತಾನೆ, ಕಾಲಿನಲ್ಲಿ ಇನ್ನೂ ಕಸುವಿದ್ದರೆ ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಇನ್ನೊಂದು ಅವಕಾಶ ಇಲ್ಲ, ವಯಸ್ಸು ಮುಗಿಯಿತು, ಎಂದು ಅವನೇ ಹೇಳುತ್ತಿದ್ದ.

ಅವನ ಒದೆತಗಳೆಲ್ಲ ಕಂಬದ ಎದುರಿಗೇ ಬಿದ್ದವು. ನಲವತ್ತೆರಡು ಯಾರ್ಡ್ ದೂರದಿಂದ ಒದ್ದದ್ದು ಕಂಬಗಳ ನಡುವಿನ ಅಡ್ಡಪಟ್ಟಿಗೆ ತಗುಲಿ ಹಿಂದೆ ಬಂತು. ನಲವತ್ತೈದು, ಗಿಡ್ಡ. ನಲವತ್ತೇಳು, ಗಿಡ್ಡ. ಹಿಂದಿರುಗುವಾಗ ಅವನು ಬಲತೊಡೆಯನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ನಾನು ಪಕ್ಕದಲ್ಲಿ ಕಾರು ಓಡಿಸುತ್ತ, ವ್ಯಾಪಾರದಲ್ಲಿ ಮೋಸಹೋದವನಿಗೆ ಹೇಳುವ ಹಾಗೆ ಸಮಾಧಾನ ಹೇಳುತ್ತಿದ್ದೆ. ವಯಸ್ಸು ಯಾರನ್ನು ಬಿಟ್ಟಿದೆ ಎಂದೂ ಒಮ್ಮೆ ಹೇಳಿದ ನೆನಪು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಂದು ಬುಧವಾರ ಸಂಜೆ ಅಬುಧಾಬಿಯ ಒಂದು ಶಾಲೆಯ ಮೈದಾನದಲ್ಲಿ ಅಭ್ಯಾಸ ಮಾಡಲು ಅವನಿಗೆ ಅನುಮತಿ ಸಿಕ್ಕಿತು. ಅಲ್ಲೂ ಇದೇ ಆಟದ ಗೆರೆಗಳಿದ್ದವು. ಚೆಂಡು ಹೆಕ್ಕಿಕೊಡಲು ನಾನು ಕಂಬದ ಹಿಂದೆ ನಿಂತೆ. ಅವನು ನಲವತ್ತೇಳರಿಂದ ಹತ್ತು ಸಲ ಒದ್ದ. ಒಂಬತ್ತು ಒಳಗೆ ಬಿದ್ದವು, ಅದರಲ್ಲಿ ಕೆಲವು ನನ್ನ ತಲೆಯ ಮೇಲಿಂದ ಹಾರಿ ಶಾಲೆಯ ಬೇಲಿ ದಾಟಿದವು. ನಾನು ಖುಷಿಯಿಂದ ಕೈ ಎತ್ತಿದೆ. ಅವನ ಮುಖ ಮಾತ್ರ ಇನ್ನೂ ಸಣ್ಣದಾಯಿತು. ಇಲ್ಲಿ ಯಾರೂ ಇಲ್ಲ, ಹಾಗಾಗಿ ಹೋಗುತ್ತದೆ, ಅಲ್ಲಿ ಜನ ಇದ್ದಾರೆ, ಹೋಗುವುದಿಲ್ಲ, ಅಂದರೆ ಕೆಟ್ಟಿರುವುದು ಕಾಲಲ್ಲ, ತಲೆ, ಎಂದು ಹೇಳಿ ಹುಲ್ಲಿನ ಮೇಲೆ ಕುಳಿತುಬಿಟ್ಟ.

ಅವನು ಶೂ ಬಿಚ್ಚುವವರೆಗೆ ನಾನು ಸುಮ್ಮನೆ ಗೆರೆಗಳ ಮೇಲೆ ನಡೆದೆ. ನನ್ನ ಹೆಜ್ಜೆಯ ಅಳತೆ ನನಗೆ ಗೊತ್ತು, ಎಪ್ಪತ್ತಾರು ಸೆಂಟಿಮೀಟರ್. ಐವತ್ತರ ಗೆರೆ ಬರಬೇಕಾದ್ದಕ್ಕಿಂತ ಐದು ಹೆಜ್ಜೆ ಮೊದಲೇ ಬಂತು. ಕಾರಿನಿಂದ ಟೇಪು ತಂದು ಹಿಡಿದೆ. ಐದೈದರ ಗೆರೆಗಳ ನಡುವೆ ನಾಲ್ಕು ಮೀಟರ್ ಐವತ್ತೇಳು ಸೆಂಟಿಮೀಟರ್. ನನಗೆ ಮೊದಲು ಬಂದದ್ದು ನಗು. ಪಾಪ, ಶಾಲೆಯವರು ಯಾವನೋ ಅರ್ಧಂಬರ್ಧ ತಿಳಿದವನ ಕೈಲಿ ಹಾಕಿಸಿದ್ದಾರೆ ಎಂದುಕೊಂಡೆ. ಅವರಿಗೊಂದು ಪತ್ರ ಬರೆದು ತಿಳಿಸಬೇಕು ಎಂದೂ ಯೋಚಿಸಿದೆ.

ಮನೆಗೆ ಬಂದು ಚಹಾ ಕುಡಿಯುತ್ತ ಫೋನಿನಲ್ಲಿ ಯಾರ್ಡ್ ಎಂದರೆ ಎಷ್ಟು ಎಂದು ನೋಡಿದೆ. ಚಹಾ ಹಾಗೇ ತಣಿಯಿತು. ಹೆಂಡತಿ ಬಂದು, "ಎಂತ ಆಯ್ತು, ಊರಿಂದ ಫೋನ್ ಬಂತಾ?" ಎಂದು ಹೆದರಿ ಕೇಳಿದಳು. ಮೈದಾನ ಹತ್ತು ಮೀಟರ್ ಹೆಚ್ಚು ಉದ್ದ ಆಯಿತು ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಮ್ಯಾನೇಜರನ ಎದುರು ಕೂತು ಎಲ್ಲ ಹೇಳಿದೆ. ಅವನು ಗಾಬರಿಯಾಗಲಿಲ್ಲ. ಪೆನ್ನಿನಲ್ಲಿ ಕಿವಿ ಕೆರೆದುಕೊಂಡ.

"ಸಾರ್, ಎರಡೂ ಟೀಮ್‌ಗೂ ಅದೇ ಗ್ರೌಂಡ್ ತಾನೇ? ಒಬ್ರಿಗೆ ಉದ್ದ, ಇನ್ನೊಬ್ರಿಗೆ ಗಿಡ್ಡ ಇದ್ರೆ ತಪ್ಪು. ಎಲ್ರಿಗೂ ತಪ್ಪಾಗಿದ್ರೆ ಅದು ರೂಲು."

"ಗೆರೆ ಅಳಿಸಿ ಮತ್ತೆ ಹಾಕ್ತೇನೆ. ಎರಡು ದಿನ ಸಾಕು."

"ಹಾಕಿ, ಆಮೇಲೆ? ಆಗಿರೋ ಮ್ಯಾಚೆಲ್ಲ ಸುಳ್ಳು ಅಂತ ಆಗತ್ತೆ. ಮತ್ತೆ ಆಡಿಸೋರು ಯಾರು, ನೀವಾ? ಇನ್ನು ಮೂರು ಭಾನುವಾರ ಸಾರ್. ಆಮೇಲೆ ಲೀಗೇ ಖಲಾಸ್, ಮುಂದಿನ ವರ್ಷ ಇಲ್ಲ, ಇದು ನಿಮ್ಮಲ್ಲೇ ಇರ್ಲಿ." ಪೆನ್ನನ್ನು ಜೇಬಿಗೆ ಸಿಕ್ಕಿಸುತ್ತ, "ಡ್ರಾಯಿಂಗ್ ಮೇಲೆ ಸೈನ್ ಇರೋದು ನಿಮ್ಮದು" ಎಂದ.

ಅದು ಬೆದರಿಕೆ ಆಗಿರಲಿಲ್ಲ, ನಿಜ ಸಂಗತಿ. ಆದರೆ ನನಗೆ ಬೆದರಿಕೆಯ ಹಾಗೇ ತಟ್ಟಿತು. ಮೀಟರಿಗೂ ಯಾರ್ಡಿಗೂ ವ್ಯತ್ಯಾಸ ತಿಳಿಯದ ಸರ್ವೇಯರ್ ಎಂದು ಒಮ್ಮೆ ಹೆಸರು ಬಿದ್ದರೆ ಈ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ. ಸೈಟಿನ ಹುಡುಗರು ನನ್ನ ಬೆನ್ನ ಹಿಂದೆ ಗೇಣು ಹಾಕಿ ನಗುವುದು ಕಣ್ಣೆದುರು ಬಂತು. ಬಾಯಿ ಮುಚ್ಚಿಕೊಂಡು ಎದ್ದು ಬಂದೆ.

ಹೆಂಡತಿ ಬಿಡಲಿಲ್ಲ. "ಲೀಗಿನವರ ಕತೆ ಹಾಳಾಗಿ ಹೋಗ್ಲಿ. ಆ ಮನುಷ್ಯನಿಗೆ ಹೇಳಿ. ನಿನ್ನ ಕಾಲಿಗೆ ಎಂತದೂ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ನಿಮಗೆ ಯಾರ ಪರ್ಮಿಶನ್ ಬೇಕು?"

"ಹೇಳುವ ಮಾರಾಯ್ತಿ. ಸಮಯ ನೋಡಿ ಹೇಳುವ."

"ಸಮಯ ನಿಮ್ಮ ಕಾರಲ್ಲೇ ಕೂತ್ಕೊಂಡು ಹೋಗ್ತಾ ಉಂಟಲ್ಲ."

ಮುಂದಿನ ಭಾನುವಾರ ಕಾರಿನಲ್ಲಿ ನಾನು ಹವೆಯ ಬಗ್ಗೆ ಮಾತಾಡಿದೆ. ಬೇಸಿಗೆ ಬೇಗ ಬರುವ ಹಾಗಿದೆ ಎಂದೆ. ಹೊಸ ಮೇಲ್ಸೇತುವೆಯ ಇಳಿಜಾರು ಎಷ್ಟು ಎಂದು ವಿವರಿಸಿದೆ. ಅವನು ಆ ದಿನವೂ ಎರಡು ಒದ್ದ, ಎರಡೂ ಗಿಡ್ಡ. ಎರಡನೆಯದು ಬಿದ್ದಾಗ ನನ್ನ ಕೈಯಲ್ಲಿ ಆ ಹತ್ತು ಮೀಟರಿನ ಸರಪಳಿಯ ಕೋಲಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹಿಂದಿರುಗುವಾಗ ಹೇಳಲಿಲ್ಲ. ಇನ್ನೂ ಎರಡು ವಾರ ಇದೆಯಲ್ಲ ಎಂದು ನನಗೆ ನಾನೇ ಲೆಕ್ಕ ಕೊಟ್ಟುಕೊಂಡೆ.

ಅದರ ಮುಂದಿನ ಭಾನುವಾರ ಅವನು ಕಾರು ಹತ್ತಿದವನೇ ಬಹಳ ಹಗುರವಾಗಿದ್ದ. ಸೀಟು ಹಿಂದೆ ಮಾಡಿ ಕಾಲು ಚಾಚಿದ. ಶುಕ್ರವಾರ ಆ ತಂಡದವರಿಗೆ ಪತ್ರ ಬರೆದೆ, ಬರಬೇಡಿ ಎಂದೆ, ಎಂದು ಹೇಳಿದ. ಅಷ್ಟು ದೂರದಿಂದ ಒಬ್ಬ ಮನುಷ್ಯನನ್ನು ಕರೆಸಿ, ಚೆಂಡು ಕಂಬಕ್ಕೆ ಮುಟ್ಟದಿರುವುದನ್ನು ತೋರಿಸುವುದು ಸರಿಯಲ್ಲ, ನನ್ನದು ಮುಗಿಯಿತು, ಎಂದ.

ಮುಂದೆ ಸಿಕ್ಕಿದ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿದೆ. ಸ್ಟೇರಿಂಗ್ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ನಕ್ಷೆ, ಬರಿಯ ಅಂಕಿ, ಗುಜರಿಗೆ ಹೋದ ಸರಪಳಿ, ಬನಿಯಾಸಿನ ವೆಲ್ಡಿಂಗ್ ಅಂಗಡಿ. ಅವನು ಮೊದಲು ನಂಬಲಿಲ್ಲ. ಮೈದಾನಕ್ಕೆ ತಲುಪಿದ ಮೇಲೆ ಡಿಕ್ಕಿಯಿಂದ ಟೇಪು ತೆಗೆದು ಅವನ ಕೈಗೇ ಕೊಟ್ಟೆ. ಐದರ ಗೆರೆಯಿಂದ ಹತ್ತರ ಗೆರೆಗೆ ಅವನೇ ಅಳೆದ. ಮೊಣಕಾಲೂರಿ ಕೂತು ಟೇಪನ್ನು ಎರಡು ಸಲ ಓದಿದ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಗೆರೆಯ ಮೇಲೆ ಉರುಳಿ, ಕಪ್ಪು ಶರ್ಟಿಗೆಲ್ಲ ಬಿಳಿ ಸುಣ್ಣ ಹತ್ತುವವರೆಗೆ ನಕ್ಕ. ಹೇಗಾಯಿತು ಎಂದು ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡ. ಯಾವಾಗ ಗೊತ್ತಾಯಿತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವತ್ತು ಅವನು ನಲವತ್ತೇಳರಿಂದ ಒದ್ದ ಚೆಂಡು ಅಡ್ಡಪಟ್ಟಿಯ ಮೇಲಿಂದ ಸಲೀಸಾಗಿ ಹೋಯಿತು. ಅಳತೆ ಇಲ್ಲದ್ದರಿಂದ ಬಸ್ಸಿನ ಜನ ಚಪ್ಪಾಳೆ ಹೊಡೆಯಲಿಲ್ಲ. ಅವನು ನನ್ನ ಕಡೆ ತಿರುಗಿ ಮೊದಲು ಐದು ಬೆರಳು, ಆಮೇಲೆ ಒಂದು ಬೆರಳು ತೋರಿಸಿದ. ಅದು ಅಸಲಿಗೆ ಐವತ್ತೊಂದು ಯಾರ್ಡ್. ನಾನು ಕೋಲು ಹಿಡಿದುಕೊಂಡೇ ಅತ್ತುಬಿಟ್ಟೆ. ಇನ್ನೊಂದು ಕೋಲಿನವನು ಕಣ್ಣಿಗೆ ಮರಳು ಬಿತ್ತಾ ಎಂದು ಕೇಳಿದ.

ಅದೇ ಸಂಜೆ ಅವನು ಆ ತಂಡಕ್ಕೆ ಮತ್ತೆ ಬರೆದ. ಮಂಗಳವಾರ ಉತ್ತರ ಬಂತು. ಇಪ್ಪತ್ತೆರಡು ವರ್ಷದ ಒಬ್ಬನನ್ನು ತೆಗೆದುಕೊಂಡಾಗಿದೆ, ನಿನ್ನೆಯೇ ಸಹಿ ಆಯಿತು, ಕ್ಷಮಿಸಿ. ನನ್ನ ಫೋನಿಗೆ ಅದನ್ನು ಕಳಿಸಿ, ಕೆಳಗೆ ಒಂದು ಬೇಡಿಕೆ ಬರೆದಿದ್ದ. ನನ್ನ ಒದೆತಗಳ ನಿಜವಾದ ದೂರವನ್ನು ನಿನ್ನ ಕಂಪನಿಯ ಕಾಗದದ ಮೇಲೆ ಬರೆದುಕೊಡು, ಸೀಲು ಇರಲಿ, ಈ ದೇಶದಲ್ಲಿ ಸೀಲಿಲ್ಲದೆ ಏನೂ ನಿಜವಾಗುವುದಿಲ್ಲ ಎಂದು ಕಲಿತಿದ್ದೇನೆ. ಯಾರಿಗೆ ತೋರಿಸಲು ಎಂದು ಕೇಳಿದೆ. ಯಾರಿಗೂ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು, ಎಂದ.

ತಪ್ಪನ್ನು ಕಾಗದದ ಮೇಲೆ ಒಪ್ಪಿಕೊಂಡ ಸರ್ವೇಯರನನ್ನು ನಾನು ಕಂಡಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟದ ವರದಿ ಮಾಡಿದೆ. ಸದರಿ ಮೈದಾನವು ಕೆಳಗೆ ಸಹಿ ಮಾಡಿದವನ ತಪ್ಪಿನಿಂದ ಉದ್ದವಾಗಿದೆ. ನಲವತ್ತೆರಡು ಎಂದು ದಾಖಲಾದದ್ದು ನಲವತ್ತಾರು, ನಲವತ್ತೈದು ಎಂದದ್ದು ನಲವತ್ತೊಂಬತ್ತು, ನಲವತ್ತೇಳು ಎಂದದ್ದು ಐವತ್ತೊಂದು. ನಮ್ಮ ವರದಿಯ ನಮೂನೆಯಲ್ಲಿ ಕೊನೆಗೆ ಎರಡು ಖಾನೆಗಳಿರುತ್ತವೆ, ವರದಿ ಬರೆದ ದಿನ ಮತ್ತು ಅಳತೆ ಮಾಡಿದ ದಿನ. ಎರಡನೆಯ ಖಾನೆಯ ಹತ್ತಿರ ಪೆನ್ನು ನಿಂತಿತು. ಹೆಂಡತಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. "ಅದು ಖಾಲಿ ಇರ್ಲಿ ಬಿಡಿ" ಎಂದಳು. ಅಷ್ಟು ದಿನ ನನ್ನನ್ನು ಬೈದವಳು ಆಗ ಮೆತ್ತಗಾಗಿದ್ದಳು. ದಿನಾಂಕ ಇಲ್ಲದ ಅಳತೆ ಅಳತೆಯಲ್ಲ. ಶಾಲೆಯ ಮೈದಾನದ ಆ ಬುಧವಾರವನ್ನೇ ಬರೆದು ಸಹಿ ಹಾಕಿದೆ.

ಕೊನೆಯ ಪಂದ್ಯ ಸೊನ್ನೆ ಸೊನ್ನೆಯಲ್ಲಿ ನಿಂತಿತು. ಮುಂದೆ ಆಡಿಸಬೇಕು ಎಂದು ನಿಯಮವಿತ್ತಂತೆ, ಆದರೆ ಬಸ್ಸುಗಳು ಕ್ಯಾಂಪಿಗೆ ಹಿಂದಿರುಗುವ ಹೊತ್ತಾಗಿತ್ತು. ಮ್ಯಾನೇಜರ್ ಮೈಕು ಹಿಡಿದು ಎರಡೂ ತಂಡ ಗೆದ್ದಿವೆ ಎಂದು ಘೋಷಿಸಿದ. ಇದ್ದದ್ದು ಒಂದೇ ಟ್ರೋಫಿ, ಅದರ ಮುಚ್ಚಳವನ್ನು ಒಂದು ತಂಡಕ್ಕೆ ಕೊಟ್ಟ. ಕೆಲಸದವರು ಉಳಿದ ಬಿರಿಯಾನಿ ಕಟ್ಟಿಕೊಂಡು ಹೊರಟರು. ಅವನಿಗೆ ಅವತ್ತು ಒದೆಯಲು ಒಂದೂ ಅವಕಾಶ ಬಂದಿರಲಿಲ್ಲ.

ಬಿಸಿಲು ಇನ್ನೂ ಇತ್ತು. ಗೆರೆಯ ಹೊರಗಿನ ಬೆಂಚಿನ ಮೇಲೆ ಅವನ ಪಕ್ಕ ಕುಳಿತು ವರದಿ ಕೊಟ್ಟೆ. ಅವನು ಸೀಲನ್ನು ಹೆಬ್ಬೆರಳಿನಿಂದ ಸವರಿದ. ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದ. ಐವತ್ತೊಂದು ಬಂದಾಗ ನನ್ನ ಭುಜಕ್ಕೆ ಹೊಡೆದ, ಮಕ್ಕಳ ಹಾಗೆ ನಕ್ಕ. ಆಮೇಲೆ ಕೆಳಗೆ ಬಂದ. ಬೆರಳು ಎರಡನೆಯ ಖಾನೆಯ ಮೇಲೆ ನಿಂತಿತು. ತುಟಿ ಅಲುಗಿಸದೆ ದಿನ ಎಣಿಸುತ್ತಿದ್ದಾನೆ ಎಂದು ನನಗೆ ತಿಳಿಯಿತು.

ಬರಬೇಡಿ ಎಂದು ನಾನು ಪತ್ರ ಬರೆದದ್ದು ಇದಾದ ಒಂಬತ್ತನೆಯ ದಿನ, ಎಂದ.

ಹೌದು, ಎಂದೆ.

ಅವನು ಕಾಗದವನ್ನು ಮಡಚಿ ಶೂ ಚೀಲದೊಳಗೆ ಇಟ್ಟು, ಎದ್ದು ತಂಡದ ಬಸ್ಸಿನ ಕಡೆ ನಡೆದ.